ಕೊಳ್ಳುವವರೂ ಅವರೇ, ಕೊಡುವವರೂ ಅವರೇ?

ಪ್ರಶ್ನೆ: ಇಂಗ್ಲೆಂಡಿನ ಕುಟುಂಬ ವೈದ್ಯರು ತಮ್ಮ ಊರಿಗೆ ಬೇಕಾದ ಚಿಕಿತ್ಸಾ ಸೇವೆಗಳನ್ನು ಸರ್ಕಾರದ ಹಣದಲ್ಲಿ ತಾವೇ ಗೊತ್ತುಮಾಡುತ್ತಾರೆಂದು ಓದಿದೆ. ಈಗಲೂ ಹಾಗೆಯೇ ಇದೆಯೇ? ರೋಗಿಗಳನ್ನು ನೋಡುವ ವೈದ್ಯರಿಗೆ ಈ ಕೆಲಸದಲ್ಲಿ ನೆರವಾಗುವವರು ಯಾರು?

ಉತ್ತರ: ನೀವು ಓದಿದ್ದು ನಿಜ, ಆದರೆ ಅದು ಬಹುಮಟ್ಟಿಗೆ ಹಿಂದಿನ ಮಾತು. ರೋಗಿಯನ್ನು ಆಸ್ಪತ್ರೆಗೆ ಕಳಿಸುವ ಪತ್ರ ಬರೆಯುವವರು ಕುಟುಂಬ ವೈದ್ಯರೇ ಆದ್ದರಿಂದ ಅದರ ಖರ್ಚಿನ ಹೊಣೆಯೂ ಅವರಿಗಿರಲಿ ಎಂಬ ಯೋಚನೆಯಿಂದ, 1991ರಲ್ಲಿ ಒಪ್ಪಿ ಮುಂದೆ ಬಂದ ಕ್ಲಿನಿಕ್‌ಗಳಿಗೆ ಪ್ರತ್ಯೇಕ ನಿಧಿ ಕೊಡಲಾಯಿತು. 1999ರ ಹೊತ್ತಿಗೆ ಆ ಪದ್ಧತಿ ಕೊನೆಗೊಂಡಿತು. 2013ರ ಏಪ್ರಿಲ್‌ನಲ್ಲಿ ಅದೇ ಯೋಚನೆ ದೊಡ್ಡ ಪ್ರಮಾಣದಲ್ಲಿ ಮರಳಿತು. ಇಂಗ್ಲೆಂಡಿನ ಕ್ಲಿನಿಕ್‌ಗಳೆಲ್ಲ 211 ಗುಂಪುಗಳಲ್ಲಿ ಸೇರಿ, ಆಸ್ಪತ್ರೆಗಳ ಬಹುಪಾಲು ಸೇವೆಯನ್ನು ಗುತ್ತಿಗೆಯ ಮೂಲಕ ಗೊತ್ತುಮಾಡತೊಡಗಿದವು. 2022ರ ಜುಲೈ 1ರಂದು ಆ ಅಧಿಕಾರ ಸಮಗ್ರ ಆರೈಕೆ ಮಂಡಳಿಗಳೆಂಬ 42 ಪ್ರಾದೇಶಿಕ ಸರ್ಕಾರಿ ಸಂಸ್ಥೆಗಳಿಗೆ ಹೋಯಿತು. ಅಲ್ಲಿ ಕುಟುಂಬ ವೈದ್ಯರ ದನಿ ಇದೆ, ಹಿಡಿತವಿಲ್ಲ.

ನೆರವಿನ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು. ಮಂಡಿನೋವಿನವರಿಗೆ ಒಂದು ಸೇವೆ ಗೊತ್ತುಮಾಡಬೇಕಾದರೆ, ಅಂಥವರು ಎಷ್ಟು ಜನ, ಎಷ್ಟು ವಾರ ಕಾಯುತ್ತಿದ್ದಾರೆ, ಅವರಲ್ಲಿ ಎಷ್ಟು ಮಂದಿಗೆ ಶಸ್ತ್ರಚಿಕಿತ್ಸೆಗಿಂತ ವ್ಯಾಯಾಮ ಚಿಕಿತ್ಸೆಯೇ ಸಾಕು ಎಂಬುದನ್ನೆಲ್ಲ ಲೆಕ್ಕಹಾಕಿ, ಕರಾರು ಬರೆದು, ಆಮೇಲೆ ಅದು ಪಾಲನೆಯಾಗುತ್ತಿದೆಯೇ ಎಂದು ನೋಡುತ್ತಿರಬೇಕು. ಹತ್ತು ನಿಮಿಷಕ್ಕೊಬ್ಬ ರೋಗಿಯನ್ನು ನೋಡುವ ವೈದ್ಯರಿಗೆ ಇದಕ್ಕೆ ಪುರಸೊತ್ತಾಗಲಿ ತರಬೇತಿಯಾಗಲಿ ಎಲ್ಲಿಂದ ಬರಬೇಕು? ಅಂಕಿಅಂಶ, ಖರೀದಿ, ಕರಾರುಗಳ ಕೆಲಸಕ್ಕೆಂದೇ 2013ರಲ್ಲಿ ಬೆಂಬಲ ಘಟಕಗಳನ್ನು ಸ್ಥಾಪಿಸಿದ್ದು ಇದೇ ಕಾರಣಕ್ಕೆ. ಆದರೆ ಒಂದು ತೊಡಕನ್ನು ಯಾವ ಗುಮಾಸ್ತನೂ ಬಿಡಿಸಲಾರ: ಆಸ್ಪತ್ರೆಯ ಸೇವೆಯನ್ನು ಕ್ಲಿನಿಕ್‌ಗೆ ತರೋಣವೆಂದು ತೀರ್ಮಾನಿಸುವ ವೈದ್ಯರೇ ಅದರ ಹಣವನ್ನೂ ಪಡೆಯುವವರಾಗಿರಬಹುದು. ಅಂಥವರು ತಮ್ಮ ಹಿತಾಸಕ್ತಿಯನ್ನು ಮೊದಲೇ ಘೋಷಿಸಿ, ಬೇಕಾದರೆ ಆ ಚರ್ಚೆಯಿಂದ ಹೊರಗುಳಿಯಬೇಕೆಂಬ ನಿಯಮವಿತ್ತು; ಆದರೆ ಸುತ್ತ ಕೂತವರೆಲ್ಲ ಅದೇ ಊರಿನ ವೈದ್ಯರಾಗಿರುವಾಗ ಒಬ್ಬರು ಎದ್ದು ಹೊರಗೆ ಹೋದ ಮಾತ್ರಕ್ಕೆ ಸಂಶಯ ತೀರುವುದಿಲ್ಲ.

ನನ್ನ ದೃಷ್ಟಿಯಲ್ಲಿ, ಸೇವೆ ಕೊಳ್ಳುವುದಕ್ಕಿಂತ ಕೊಡುವುದಕ್ಕೆ ಸಿಕ್ಕ ನೆರವೇ ಹೆಚ್ಚು ಫಲ ಕೊಟ್ಟಿದೆ. 2019ರ ಜುಲೈನಿಂದ ನೆರೆಹೊರೆಯ ಕ್ಲಿನಿಕ್‌ಗಳು, ಸಾಮಾನ್ಯವಾಗಿ 30,000ದಿಂದ 50,000 ಜನರಿಗೆ ಒಂದರಂತೆ, ಜಾಲಗಳಾಗಿ ಸೇರಿವೆ. ಇವು ಔಷಧತಜ್ಞರನ್ನೂ ಫಿಸಿಯೋಥೆರಪಿಸ್ಟರನ್ನೂ ನೇಮಿಸಿಕೊಂಡರೆ ಸಂಬಳವನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಭರಿಸುತ್ತದೆ. ಮಂಡಿನೋವಿನವರು ಮೊದಲು ಫಿಸಿಯೋಥೆರಪಿಸ್ಟರನ್ನೇ ಕಾಣಬಹುದು, ಕ್ಲಿನಿಕ್‌ನಲ್ಲಿ ಅವರನ್ನು ಕೂರಿಸಲು ಒಂದು ಕೋಣೆ ಇದ್ದರೆ; ಹಳೆಯ ಕಟ್ಟಡಗಳಲ್ಲಿ ಅನೇಕ ಕಡೆ ಅದೇ ಇಲ್ಲ.