ಓದುಗರ ಪ್ರಶ್ನೆ: ಬಳಪದ ಕಲ್ಲಿನ ಹಕ್ಕಿ ಕೆತ್ತಿದವರು ಯಾರು?

ಪ್ರಶ್ನೆ: ಮನೆಗೆ ಬಂದಿದ್ದ ನೆಂಟರೊಬ್ಬರು, ಬಿಳಿಯರು ಹೋಗುವ ಮೊದಲು ಆಫ್ರಿಕಾದಲ್ಲಿ ಬರೀ ಕಾಡು, ಇತಿಹಾಸ ಅಂತ ಏನೂ ಇರಲಿಲ್ಲ ಅಂದರು. ನಿಜವಾ ಸಾರ್?
- ಓದುಗರು, ಹಳೇಬೀಡು

ಉತ್ತರ: ಖಂಡಿತ ಸುಳ್ಳು. ಮುಂದಿನ ಸಲ ಅವರನ್ನು ನಿಮ್ಮೂರ ದೇವಸ್ಥಾನದ ಮುಂದೆ ನಿಲ್ಲಿಸಿಕೊಂಡೇ ಹೇಳಿ. ಹೊಯ್ಸಳರು ಇಲ್ಲಿ ಬಳಪದ ಕಲ್ಲು ಕೆತ್ತಿಸುತ್ತಿದ್ದ ಹೆಚ್ಚುಕಡಿಮೆ ಅದೇ ಶತಮಾನಗಳಲ್ಲಿ, ಈಗಿನ ಜಿಂಬಾಬ್ವೆಯಲ್ಲಿ ಶೋನಾ ಜನರ ಹಿರಿಯರು ದೊಡ್ಡ ಕಲ್ಲಿನ ಪಟ್ಟಣ ಕಟ್ಟಿದರು. ಗ್ರೇಟ್ ಜಿಂಬಾಬ್ವೆ ಅಂತ ಅದಕ್ಕೆ ಹೆಸರು. ಅಲ್ಲಿನ ಒಂದು ಸುತ್ತುಗೋಡೆ ಸುಮಾರು 250 ಮೀಟರ್ ಉದ್ದ, ಕೆಲವು ಕಡೆ 11 ಮೀಟರ್ ಎತ್ತರ. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು ಅಷ್ಟೇ. ಹಕ್ಕಿಗಳನ್ನು ಕೆತ್ತಿದ್ದು ಅವರೂ ಬಳಪದ ಕಲ್ಲಿನಲ್ಲೇ! ಅಲ್ಲಿಂದ ಚಿನ್ನ ಕರಾವಳಿಗೆ ಹೋಗುತ್ತಿತ್ತು, ಚೀನಾದ ಪಿಂಗಾಣಿ ಬರುತ್ತಿತ್ತು, ಅದರ ಚೂರುಗಳು ಸಿಕ್ಕಿವೆ.

1871ರಲ್ಲಿ ಕಾರ್ಲ್ ಮೌಖ್ ಎಂಬ ಜರ್ಮನ್ ಅಲ್ಲಿಗೆ ಹೋದ. ಬಾಗಿಲ ಮೇಲಿನ ತೊಲೆಯಿಂದ ಒಂದು ಸಿಬಿರು ಕಿತ್ತು, ತನ್ನ ಪೆನ್ಸಿಲ್ಲಿನ ಮರಕ್ಕೆ ಹೋಲಿಸಿ, ಇದು ಲೆಬನಾನಿನ ಮರ, ಹಾಗಾಗಿ ಬೈಬಲ್ಲಿನ ಕಥೆಯಲ್ಲಿ ಬರುವ ಶೀಬಾ ರಾಣಿ ಕಟ್ಟಿಸಿದ್ದು ಅಂದುಬಿಟ್ಟ. 1890ರಲ್ಲಿ ಬ್ರಿಟಿಷ್ ಗಣಿ ಉದ್ಯಮಿ ಸೆಸಿಲ್ ರೋಡ್ಸ್‌ನ ಕಂಪನಿ ಆ ನಾಡನ್ನು ಹಿಡಿದಾಗ ಈ ಕಥೆ ಬಹಳ ಅನುಕೂಲಕ್ಕೆ ಬಂತು, ಯಾಕಂದರೆ ಕಟ್ಟಿದವರು ಹೊರಗಿನವರು ಅಂದರೆ ನೆಲವೂ ಅಲ್ಲಿನ ಆಫ್ರಿಕನ್ನರದ್ದಲ್ಲ ಅನ್ನಬಹುದಲ್ವಾ. ಆಮೇಲೆ ಅಗೆದ ರಿಚರ್ಡ್ ಹಾಲ್ ಆಫ್ರಿಕನ್ನರ ಕಾಲದ ಮಣ್ಣಿನ ಪದರಗಳನ್ನೇ ಕಸ ಅಂತ ಎತ್ತಿ ಹಾಕಿಸಿದ. ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. 1929ರಲ್ಲಿ ಬ್ರಿಟಿಷ್ ಪುರಾತತ್ವಜ್ಞೆ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಕ್ರಮವಾಗಿ ಅಗೆದು, ಇದು ಅಲ್ಲಿನವರದ್ದೇ ಅಂತ ತೋರಿಸಿದರೂ ಬಿಳಿಯರ ಸರ್ಕಾರ 1970ರ ದಶಕದಲ್ಲೂ ಅದನ್ನು ಮುಚ್ಚಿಡಲು ನೋಡಿತು. 1980ರಲ್ಲಿ ಸ್ವಾತಂತ್ರ್ಯ ಬಂದಾಗ ದೇಶ ಆ ಪಟ್ಟಣದ ಹೆಸರನ್ನೇ ಇಟ್ಟುಕೊಂಡಿತು. ಕಲ್ಲಿನ ಹಕ್ಕಿ ಬಾವುಟದ ಮೇಲೆ ಬಂತು.

ಪ್ರಶ್ನೆ: ಕೀನ್ಯಾ ಕಾಫಿಗೆ ಅಷ್ಟು ಹೆಸರಿದೆ. ಅಲ್ಲಿಯ ಜನ ಮೊದಲಿಂದಲೂ ಬೆಳೆಗಾರರಾ?
- ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಇಲ್ಲ, ಬೆಳೆಯಲು ಬಿಡಲೇ ಇಲ್ಲ. ಕಾಫಿ ಹುಟ್ಟಿದ್ದು ಪಕ್ಕದ ಇಥಿಯೋಪಿಯಾದಲ್ಲಿ. ಆದರೂ ಬ್ರಿಟಿಷರು ಕೀನ್ಯಾದಲ್ಲಿ ಅದನ್ನು ಬಿಳಿಯರ ತೋಟಗಳಿಗೆ ಮೀಸಲಿಟ್ಟರು. 1930ರ ದಶಕದಲ್ಲಿ ಒಂದೆರಡು ಕಡೆ ಆಫ್ರಿಕನ್ನರಿಗೆ ಒಪ್ಪಿಗೆ ಸಿಕ್ಕಿತು, ಮಿಕ್ಕವರು 1950ರ ದಶಕದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಬೇರೆಯವರ ತೋಟದಲ್ಲಿ ಹಣ್ಣು ಬಿಡಿಸುವ ಕೂಲಿಯೇ ಗತಿ. ಗಂಡಸರು ಕಿಪಾಂಡೆ ಅನ್ನುವ ಪಾಸನ್ನು ಲೋಹದ ಪುಟ್ಟ ಡಬ್ಬಿಯಲ್ಲಿಟ್ಟು ಕೊರಳಿಗೆ ನೇತುಹಾಕಿಕೊಂಡು ಓಡಾಡಬೇಕಿತ್ತು. ಬೆರಳಚ್ಚು, ಯಾರ ಹತ್ತಿರ ಕೆಲಸ, ಕೂಲಿ ಎಷ್ಟು, ಎಲ್ಲಾ ಅದರಲ್ಲಿ. 1963ರಲ್ಲಿ ಸ್ವಾತಂತ್ರ್ಯ ಬಂತು. ಈಗ ಅಲ್ಲಿ ಸಣ್ಣ ಹಿಡುವಳಿದಾರರೇ ಜಾಸ್ತಿ, ತಾವೇ ಬೆಳೆದ ಹಣ್ಣನ್ನು ತಮ್ಮ ಸಹಕಾರ ಸಂಘದ ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರಕ್ಕೆ) ಹೊತ್ತು ತಂದು ಹಾಕುತ್ತಾರೆ.