ಜ್ವರ ಇಲ್ಲದ ವರ್ಷ ಕಾಯುವವರು ಯಾರು?

ಓದುಗರ ಪತ್ರ: "ಮಂಗನ ಕಾಯಿಲೆ ಶುರುವಾಗಿ ಅರವತ್ತು ವರ್ಷ ದಾಟಿತು. ಪುಣೆಯವರು ಬಂದರು, ದೆಹಲಿಯವರು ಬಂದರು, ರಕ್ತ ತೆಗೆದುಕೊಂಡು ಹೋದರು. ನಮ್ಮನ್ನು ನೋಡಿಕೊಂಡಿದ್ದು ಊರಿನ ಆಶಾ ಕಾರ್ಯಕರ್ತೆ ಮತ್ತು ತಾಲ್ಲೂಕು ಆಸ್ಪತ್ರೆ. ದೊಡ್ಡ ಸಂಸ್ಥೆಗಳಿಗೆ ಸುರಿಯುವ ದುಡ್ಡನ್ನು ಇವರಿಗೇ ಕೊಟ್ಟರೆ ಸಾಕಲ್ವಾ? ಹೋದ ತಿಂಗಳು ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಂದು ಮುಸಿಯ (ಕಪ್ಪು ಮೋರೆಯ ಮಂಗ) ಸತ್ತು ಬಿದ್ದಿತ್ತು. ಎರಡು ದಿನ ಕಾದು ನಾವೇ ಹೂತೆವು. ಯಾವ ಸಂಸ್ಥೆಯವರೂ ಬರಲಿಲ್ಲ."
— ಅಡಿಕೆ ಬೆಳೆಗಾರರೊಬ್ಬರು, ಹೊಸನಗರ ತಾಲ್ಲೂಕು

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ರಕ್ತ ಕೊಟ್ಟವರಿಗೆ ಅದರಲ್ಲಿ ಏನು ಸಿಕ್ಕಿತು ಅಂತ ಹೇಳಲೇಬೇಕು. ತಾಲ್ಲೂಕು ಆಸ್ಪತ್ರೆಗೆ ಡಾಕ್ಟರು ಬೇಕು. ಆಶಾ ಕಾರ್ಯಕರ್ತೆಯರಿಗೆ ದುಡಿದದ್ದಕ್ಕೆ ತಕ್ಕ ಹಣ ಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡ ಸಂಸ್ಥೆಗಳೇ ಬೇಡ ಅನ್ನುವ ಮಾತಿಗೆ ನಾನು ತಲೆಯಾಡಿಸಲಾರೆ.

1957ರಲ್ಲಿ ಏನಾಯಿತು ನೋಡಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಊರುಗಳಲ್ಲಿ ಜ್ವರ, ತಡೆಯಲಾಗದ ತಲೆನೋವು, ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಟೈಫಾಯಿಡ್ ಇರಬಹುದೇ ಎಂದು ಅನುಮಾನ. ಮಂಗ ಸಾಯುತ್ತಿದ್ದದ್ದರಿಂದ ಸೊಳ್ಳೆಯಿಂದ ಹರಡುವ ಹಳದಿ ಜ್ವರವೇ ದೇಶಕ್ಕೆ ಬಂತೇನೋ ಎಂಬ ದಿಗಿಲು ಬೇರೆ. ಆಗ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾಗಿ ಐದು ವರ್ಷವಾಗಿತ್ತಷ್ಟೆ. ಇವತ್ತು ನಾವು ಎನ್‌ಐವಿ (ರಾಷ್ಟ್ರೀಯ ವೈರಾಣು ಸಂಸ್ಥೆ) ಅನ್ನುವುದು ಅದನ್ನೇ. ಅಲ್ಲಿಯವರು ಬಂದು ಮಂಗಗಳಿಂದಲೂ ರೋಗಿಗಳಿಂದಲೂ ವೈರಸ್ ಬೇರ್ಪಡಿಸಿದರು. ಅದು ಹಳದಿ ಜ್ವರ ಅಲ್ಲ, ರಷ್ಯಾದಲ್ಲಿ ಉಣುಗಿನಿಂದ ಹರಡುವ ಒಂದು ಮೆದುಳು ಜ್ವರದ ವೈರಸ್‌ನ ಹತ್ತಿರದ ಸಂಬಂಧಿ ಎಂದು ಗೊತ್ತಾಯಿತು. ಸೊಳ್ಳೆಯನ್ನು ಬಿಟ್ಟು ಉಣುಗನ್ನು ಹುಡುಕಬೇಕು ಅಂತ ತಿಳಿದದ್ದು ಹೀಗೆ. ಯಾವ ತಾಲ್ಲೂಕು ಆಸ್ಪತ್ರೆಗೆ ಇದು ಸಾಧ್ಯವಿತ್ತು, ಹೇಳಿ?

ರಷ್ಯಾದ ಸಂಬಂಧಿ ಇಲ್ಲಿಗೆ ಹೇಗೆ ಬಂತು? ವಲಸೆ ಹಕ್ಕಿಗಳು ತಂದವೇ? ಅದನ್ನೂ ಬಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮತ್ತು ಅವರ ಸಂಗಡಿಗರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದರು. ನಮ್ಮ ದೇಶದ ಹಕ್ಕಿ ವಲಸೆಯ ದೊಡ್ಡ ಅಧ್ಯಯನದ ಹಿಂದೆ ನಮ್ಮ ಸೊರಬದ ಜ್ವರ ಇದೆ. ಬೋಷೆಲ್ ಎಂಬ ಕೊಲಂಬಿಯಾದ ವೈದ್ಯರೂ ನಮ್ಮ ಸಾಗರದ ಕಡೆಯ ಕಾಡಿನಲ್ಲಿ ಕೆಲಸ ಮಾಡಿದರು. ತಮ್ಮ ದೇಶದಲ್ಲಿ ಮರ ಕಡಿದು ಉರುಳಿಸಿದಾಗ ಮೇಲಿನ ರೆಂಬೆಯಲ್ಲಿದ್ದ, ಹಳದಿ ಜ್ವರ ಹರಡುವ ಸೊಳ್ಳೆಗಳು ಕೆಳಗಿನ ಕೂಲಿಯವರನ್ನು ಮುತ್ತುವುದನ್ನು ಕಂಡಿದ್ದವರು ಅವರು. ಇಲ್ಲಿ ಕಾಡು ಕಡಿದು ಗದ್ದೆ ಮಾಡಿದ್ದನ್ನೂ, ದನಗಳು ಕಾಡಿಗೆ ಮೇಯಲು ಹೋಗುವುದನ್ನೂ ನೋಡಿ ಬರೆದರು. ಬಲಿತ ಉಣುಗು ದನದ ರಕ್ತ ಕುಡಿದು ಮೊಟ್ಟೆ ಇಡುತ್ತದೆ. ಸಾಸಿವೆಗಿಂತ ಸಣ್ಣ ಮರಿಗಳು ತರಗೆಲೆಯಲ್ಲಿ ಕೂತು ಮಂಗನಿಗೂ ಹತ್ತುತ್ತವೆ, ನಮಗೂ ಹತ್ತುತ್ತವೆ. ನವೆಂಬರ್‌ನಿಂದ ಮೇ ತನಕ ಇವುಗಳದೇ ಕಾಲ. ನಮ್ಮ ಕೊನೆಕೊಯ್ಲು, ಕೊಟ್ಟಿಗೆಗೆ ತರಗು ಗುಡಿಸಿ ತರುವುದು ಎಲ್ಲ ಆಗಲೇ ಅಲ್ವಾ?

ದೆಹಲಿಯವರ ಬಗ್ಗೆ ಕೇಳಿದಿರಿ. ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಅಂತ ಈಗ ಹೆಸರು. ಮೂಲ 1909ರ ಕಸೌಲಿಯ ಮಲೇರಿಯಾ ಬ್ಯೂರೋ. ಬಯಲುಸೀಮೆಯ ಹಿರಿಯರನ್ನು ನಾರುಹುಣ್ಣಿನ ಬಗ್ಗೆ ಕೇಳಿ ನೋಡಿ. ಕಾಲಿನ ಗುಳ್ಳೆ ಒಡೆದು ಬಿಳಿ ದಾರದಂಥ ಹುಳು ಹೊರಬರುತ್ತಿತ್ತು. ಎಳೆದರೆ ತುಂಡಾಗಿ ಕೀವಾಗುತ್ತದೆ. ಅದಕ್ಕೇ ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಹೊರಗೆ ತೆಗೆಯುತ್ತಿದ್ದರು. ಉಳುವ ಹೊತ್ತಲ್ಲಿ ರೈತ ವಾರಗಟ್ಟಲೆ ಮಲಗಬೇಕಿತ್ತು. ಅದಕ್ಕೆ ಲಸಿಕೆಯೂ ಇಲ್ಲ, ಮದ್ದೂ ಇಲ್ಲ. ಎಂಬತ್ತರ ದಶಕದಲ್ಲಿ ಇದೇ ಸಂಸ್ಥೆಯ ಮುಂದಾಳತ್ವದಲ್ಲಿ ಊರೂರು ಹುಡುಕಿ ರೋಗಿಗಳ ಪಟ್ಟಿ ಮಾಡಿದರು. ಕುಡಿಯುವ ನೀರಿನಿಂದ ಹರಡುವ ಕಾಯಿಲೆಯಾದ್ದರಿಂದ ನೀರಿಗೆ ಇಳಿಯುವ ಮೆಟ್ಟಿಲು ಬಾವಿಗಳನ್ನು ಬದಲಿಸಿದರು. ಬಟ್ಟೆಯಲ್ಲಿ ನೀರು ಸೋಸಿ ಕುಡಿಯಲು ಕಲಿಸಿದರು. 1996ರಲ್ಲಿ ಕೊನೆಯ ರೋಗಿ. 2000ದಲ್ಲಿ ಭಾರತ ನಾರುಹುಣ್ಣು ಮುಕ್ತ. ಇವತ್ತಿನ ಮಕ್ಕಳಿಗೆ ಆ ಹೆಸರೇ ಗೊತ್ತಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಹಾಗಾದರೆ ತಪ್ಪು ಎಲ್ಲಿ? ಕಾಯಿಲೆ ಇಳಿದ ಕೂಡಲೇ ಕಾವಲು ಎತ್ತಿಬಿಡುವುದರಲ್ಲಿ. ಮಲೇರಿಯಾ ನೋಡಿ. ಮಲೇರಿಯಾದಿಂದ ಹೊಟ್ಟೆಯಲ್ಲಿ ಏಳುವ ಜ್ವರಗೆಡ್ಡೆಯ ಭಯಕ್ಕೆ ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲ ನಿಮಗೂ ಕೇಳಿ ಗೊತ್ತಿರುತ್ತದೆ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ. 1965ರ ಹೊತ್ತಿಗೆ ಅದು ಸುಮಾರು 1 ಲಕ್ಷಕ್ಕೆ ಇಳಿಯಿತು. ಗೆದ್ದೆವು ಅಂದುಕೊಂಡು ಕೈ ಸಡಿಲ ಬಿಟ್ಟರು. 1976ಕ್ಕೆ 64 ಲಕ್ಷ! ಡಿಡಿಟಿಗೆ ಬಗ್ಗದ ಸೊಳ್ಳೆಯೂ ಕಾರಣ, ನಿಜ. ಆದರೆ ಮನೆಮನೆಗೆ ಹೋಗಿ ನೋಡುವವರು ಕಡಿಮೆಯಾಗಿದ್ದು ಇನ್ನೂ ದೊಡ್ಡ ಕಾರಣ.

ನಮ್ಮ ಲಸಿಕೆಯ ಕಥೆಯೂ ಅದೇ. ಮಂಗನ ಕಾಯಿಲೆಯ ಹಳೆಯ ಲಸಿಕೆ ದಶಕಗಳ ಕಾಲ ನಡೆಯಿತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ. ತೋಳು ನೋಯುತ್ತದೆ ಅಂತ ಜನ ತಪ್ಪಿಸಿಕೊಂಡರು. ಕೊನೆಗೆ ಅದಕ್ಕೆ ಸಾಕಷ್ಟು ಶಕ್ತಿಯಿಲ್ಲ ಅಂತ ಗೊತ್ತಾಗಿ 2022ರಲ್ಲಿ ನಿಂತಿತು. ಹೊಸದಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೈಹಾಕಿದೆ. ಈ ಕೆಲಸ ಇಪ್ಪತ್ತು ವರ್ಷ ಮೊದಲೇ ಆಗಬೇಕಿತ್ತು. ರೋಗಿಗಳು ಕಡಿಮೆ ಇದ್ದ ವರ್ಷಗಳಲ್ಲಿ ಯಾರೂ ಕೇಳಲಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಒಂದರ ಹಿಂದೆ ಒಂದು ಸಾವಾದಾಗ ಮಂತ್ರಿಗಳು ಬಂದರು, ಟಿವಿಯವರು ಬಂದರು. ಮಳೆ ಹಿಡಿದ ಮೇಲೆ ಸುದ್ದಿಯೇ ಇಲ್ಲ. ಬಜೆಟ್ ಬರೆಯುವವರಿಗೆ ಸಾವಿನ ಲೆಕ್ಕ ಕಾಣುತ್ತದೆ, ತಪ್ಪಿದ ಸಾವು ಕಾಣುವುದಿಲ್ಲ. ರಸ್ತೆಗೆ, ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಬಹುದು. ಉಣುಗು ಎಣಿಸುವ ಕೆಲಸಕ್ಕೆ ಯಾರು ಟೇಪ್ ಕತ್ತರಿಸುತ್ತಾರೆ?

2012ರಿಂದ ಈಚೆಗೆ ಈ ಕಾಯಿಲೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿತು. ವಯನಾಡಿನ ಆಸ್ಪತ್ರೆಯ ಪಟ್ಟಿ ಹೊಸನಗರದ ಡಾಕ್ಟರ ಮೇಜಿಗೆ ಬರುವುದಿಲ್ಲ. ಎಲ್ಲವನ್ನೂ ಒಟ್ಟಿಗಿಟ್ಟು ನೋಡುವವರು ಒಬ್ಬರು ಇರಲೇಬೇಕು. ಅವರ ದುಡ್ಡು ಕಿತ್ತು ತಾಲ್ಲೂಕಿಗೆ ಕೊಡಿ ಅನ್ನಬೇಡಿ. ಇಬ್ಬರಿಗೂ ಕೊಡಿ ಅಂತ ಜಗಳ ತೆಗೆಯಿರಿ, ನಾನೂ ಬರುತ್ತೇನೆ.

ಇನ್ನು ಆ ಮುಸಿಯದ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಸ್ವಲ್ಪ ಗದರಲೇಬೇಕು. ಯಾರೂ ಬರಲಿಲ್ಲ ಅಂದಿರಿ. ಯಾರಿಗೆ ಹೇಳಿದಿರಿ ಅಂತ ಪತ್ರದಲ್ಲಿ ಎಲ್ಲೂ ಇಲ್ಲ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ತರಗಿಗೆ ಸೇರುತ್ತವೆ. ಹೂಳಲು ಹೋದ ನಿಮ್ಮವರು ನಿಂತಿದ್ದು ಅದೇ ಜಾಗದಲ್ಲಿ. ಅವರಲ್ಲಿ ಯಾರಿಗಾದರೂ ಜ್ವರ ಬಂದರೆ ಮಾತ್ರೆ ನುಂಗಿ ಸುಮ್ನೆ ಇರಬೇಡಿ, ಮಂಗ ಸತ್ತಿದ್ದನ್ನು ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಹೆಣ ಕೊಳೆತರೆ ಪರೀಕ್ಷೆಗೂ ಬರುವುದಿಲ್ಲ. ಮುಂದಿನ ಸಲ ಮುಟ್ಟಬೇಡಿ, ದನ ಅತ್ತ ಬಿಡಬೇಡಿ. ಅದೇ ದಿನ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫಾರೆಸ್ಟಿನವರಿಗೋ ಫೋನ್ ಮಾಡಿ. ಅವರು ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕಬೇಕು, ಸ್ಯಾಂಪಲ್ ಕಳಿಸಬೇಕು. ಫೋನ್ ಮಾಡಿಯೂ ಬರಲಿಲ್ಲ ಎಂದಾದರೆ ದಿನಾಂಕ, ಹೊತ್ತು ಬರೆದು ನನಗೆ ಕಳಿಸಿ. ಆ ಪತ್ರವನ್ನು ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇನೆ.