ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು: ಅಪ್ಪನ 386 ಮತ್ತೆ ಏಳುತ್ತಾ?

ಪ್ರಶ್ನೆ: ಸರ್, ನಮ್ಮ ತಂದೆ 1993ರಲ್ಲಿ ತಗೊಂಡ 386 ಡಿಎಕ್ಸ್ ಕಂಪ್ಯೂಟರ್ ಅಟ್ಟದ ಮೇಲಿತ್ತು. ಅದಕ್ಕೆ ಜಿಸ್ಟ್ ಕಾರ್ಡ್ (ಭಾರತೀಯ ಭಾಷೆಗಳ ಅಕ್ಷರ ತೋರಿಸುವ ಕಾರ್ಡ್) ಹಾಕಿಸಿ ಯಕ್ಷಗಾನ ಪ್ರಸಂಗಗಳ ಟಿಪ್ಪಣಿಗಳನ್ನು ಕನ್ನಡದಲ್ಲೇ ಟೈಪ್ ಮಾಡಿ ಇಟ್ಟಿದ್ದರು. ಅವರು ಈಗಿಲ್ಲ. ಮೊನ್ನೆ ಇಳಿಸಿ ಆನ್ ಮಾಡಿದೆ. ಫ್ಯಾನ್ ತಿರುಗುತ್ತೆ, ಹಾರ್ಡ್ ಡಿಸ್ಕ್ ಗುಂಯ್ ಅನ್ನುತ್ತೆ, ಆದರೆ ಪರದೆಯಲ್ಲಿ ಏನೂ ಇಲ್ಲ, ಒಂದು ಬೀಪ್ ಕೂಡ ಇಲ್ಲ. ಅಂಗಡಿಯವರು ಗುಜರಿಗೆ ಹಾಕಿ ಅಂದರು. ಏನು ಮಾಡಲಿ?
(ಶಿರಸಿಯ ಓದುಗರೊಬ್ಬರು)

ಉತ್ತರ: ಗುಜರಿಗೆ ಖಂಡಿತ ಹಾಕಬೇಡಿ. ಹಾಗೇ ಸದ್ಯಕ್ಕೆ ಇನ್ನೊಂದು ಸಲ ಆನ್ ಕೂಡ ಮಾಡಬೇಡಿ. ಡಿಸ್ಕ್ ಗುಂಯ್ ಅನ್ನುತ್ತಿದೆ ಅಂದರೆ ಸುತ್ತುತ್ತಿದೆ, ಅಪ್ಪನ ಬರಹ ಅಲ್ಲೇ ಇರುವ ಸಾಧ್ಯತೆ ಜಾಸ್ತಿ. ಬೋರ್ಡ್ (ಒಳಗಿನ ಮುಖ್ಯ ಹಲಗೆ, ಮದರ್‌ಬೋರ್ಡ್) ಏಳದೇ ಹೋದರೂ ಅದನ್ನು ತೆಗೆಯಬಹುದು.

ಪ್ಲಗ್ ಕಿತ್ತು ಡಬ್ಬಿ ಬಿಚ್ಚಿ. ಯಾವ ವೈರ್ ಎಲ್ಲಿತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಈಗ ಕೀಬೋರ್ಡ್ ಚುಚ್ಚುವ ದುಂಡನೆ ಸಾಕೆಟ್ ಅಕ್ಕಪಕ್ಕ ನೋಡಿ, ನೀಲಿ ಅಥವಾ ಹಸಿರು ಹೊದಿಕೆಯ ಒಂದು ಪುಟ್ಟ ಪೀಪಾಯಿ ಕಾಣುತ್ತದೆ. ಅದು 3.6 ವೋಲ್ಟಿನ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿ. ಆ ಕಾಲದ 386, 486 ಬೋರ್ಡ್‌ಗಳನ್ನು ಕೊಂದಿದ್ದರಲ್ಲಿ ಇದರದ್ದೇ ದೊಡ್ಡ ಪಾಲು. ವರ್ಷಗಟ್ಟಲೆ ಬಿಟ್ಟರೆ ಒಳಗಿನ ಕ್ಷಾರ ಸೋರುತ್ತದೆ, ಮಲೆನಾಡಿನ ತೇವ ಸೇರಿದರೆ ಇನ್ನೂ ದೂರ ಹರಿದು ಬೋರ್ಡ್ ಮೇಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಸುತ್ತಮುತ್ತ ಹಸಿರು ಅಥವಾ ಬಿಳಿ ಹುಡಿ ಕಂಡರೆ ಅದೇ ಇದು.

ಕೈಗವಸು ಹಾಕಿ, ಕ್ಯಾಡ್ಮಿಯಂ ವಿಷ. ಬ್ಯಾಟರಿಯ ಕಾಲುಗಳನ್ನು ಕಟರ್‌ನಿಂದ ಕತ್ತರಿಸಿ ತೆಗೆಯಿರಿ, ಮನೆ ಕಸಕ್ಕೆ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಿ. ಬೋರ್ಡನ್ನು ಹೊರಗೆ ತೆಗೆದು, ಅಡುಗೆಮನೆಯ ಬಿಳಿ ವಿನೆಗರ್ ಅನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಹುಡಿ ಇರುವ ಕಡೆ ಮಾತ್ರ ಹಚ್ಚಿ. ಸಣ್ಣಗೆ ನೊರೆ ಬರಬಹುದು. ಆಮೇಲೆ ಇನ್ವರ್ಟರ್‌ಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಚೆನ್ನಾಗಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಎರಡು ದಿನ ಒಣಗಿಸಿ. ಅವಸರ ಬೇಡ.

ಇನ್ನು ಭೂತಗನ್ನಡಿ ಬೇಕು. ನನ್ನ ಕೈಗೆ ಬಂದ ಒಂದು 386 ಬೋರ್ಡಿಗೂ ನಿಮ್ಮ ಲಕ್ಷಣವೇ ಇತ್ತು. ತೊಳೆದ ಮೇಲೆ ಹೊಸದರ ಹಾಗೆ ಕಾಣುತ್ತಿತ್ತು, ಆದರೂ ಉಸಿರಿಲ್ಲ. ಮಲ್ಟಿಮೀಟರನ್ನು ಬೀಪ್ ಹೊಡೆಯುವ ಕಂಟಿನ್ಯೂಟಿಗೆ ಇಟ್ಟು ಬ್ಯಾಟರಿ ಹತ್ತಿರದ ಗೆರೆಗಳ ಎರಡೂ ತುದಿ ಮುಟ್ಟುತ್ತಾ ಹೋದೆ. ಒಂದು ಗೆರೆ, ಬಣ್ಣ ಮಾತ್ರ ಸ್ವಲ್ಪ ಕಪ್ಪಾಗಿತ್ತು, ಮೀಟರ್ ಕೂಗಲಿಲ್ಲ. ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಹಸಿರು ಪದರದ ಕೆಳಗೆ ತಾಮ್ರವೇ ಇಲ್ಲ, ಪುಡಿ. ಕೂದಲಿನಷ್ಟು ಸಣ್ಣ ವೈರ್ ಬೆಸುಗೆ ಹಾಕಿದೆ. ಆನ್ ಮಾಡಿದ ಕೂಡಲೇ ಬೀಪ್ ಬಂತು. ಆ ಸದ್ದು ಕೇಳುವ ಖುಷಿ ನಿಮಗೂ ಸಿಗಲಿ.

ಫ್ಯಾನ್ ತಿರುಗಿತು ಅಂತ ಪವರ್ ಸಪ್ಲೈ ಸರಿ ಇದೆ ಅಂದುಕೊಳ್ಳಬೇಡಿ. ಫ್ಯಾನ್ ಓಡುವುದು 12 ವೋಲ್ಟಿನಲ್ಲಿ, ಬೋರ್ಡಿಗೆ ಬೇಕಿರುವುದು ಮುಖ್ಯವಾಗಿ 5 ವೋಲ್ಟ್. ಕೆಂಪು ವೈರ್‌ನಲ್ಲಿ 4.75ರಿಂದ 5.25 ಇರಬೇಕು. ಕಿತ್ತಳೆ ವೈರ್ 'ಪವರ್ ಗುಡ್', ಅಲ್ಲೂ ಸುಮಾರು 5 ಬರಬೇಕು, ಬರದಿದ್ದರೆ ಬೋರ್ಡ್ ರಿಸೆಟ್‌ನಲ್ಲೇ ನಿಂತಿರುತ್ತದೆ, ಪರದೆ ಕಪ್ಪು, ಬೀಪ್ ಇಲ್ಲ, ನಿಮ್ಮಲ್ಲಿ ಆಗಿರುವ ಹಾಗೇ. ಅಳೆಯುವಾಗ ಬೋರ್ಡ್ ಜೋಡಿಸಿಯೇ ಇರಲಿ, ಲೋಡ್ ಇಲ್ಲದೆ ಈ ಸಪ್ಲೈಗಳು ಸರಿಯಾಗಿ ಏಳುವುದಿಲ್ಲ. ಸಪ್ಲೈಯಿಂದ ಬೋರ್ಡಿಗೆ ಬರುವ ಪಿ8, ಪಿ9 ಎರಡು ಪ್ಲಗ್‌ಗಳನ್ನು ಹಾಕುವಾಗ ಕಪ್ಪು ವೈರ್‌ಗಳು ನಡುವೆ ಅಕ್ಕಪಕ್ಕ ಬರಬೇಕು, ತಿರುಗುಮುರುಗಾದರೆ ಬೋರ್ಡ್ ಸುಡುತ್ತದೆ. ಸಪ್ಲೈ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ, ಒಳಗೆ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು.

ಎಲ್ಲ ಸರಿ ಅನಿಸಿದರೆ ಎಲ್ಲ ಕಾರ್ಡ್ ತೆಗೆದು, ಬೋರ್ಡ್, ರ್‍ಯಾಮ್, ಸ್ಪೀಕರ್ ಮಾತ್ರ ಇಟ್ಟು ಆನ್ ಮಾಡಿ. 386 ಡಿಎಕ್ಸ್‌ಗೆ 30 ಪಿನ್ನಿನ ರ್‍ಯಾಮ್ ಪಟ್ಟಿಗಳು ನಾಲ್ಕು ನಾಲ್ಕಾಗಿ ಬೇಕು, ಮೂರು ಇದ್ದರೆ ಏಳುವುದಿಲ್ಲ. ಬಯೋಸ್ (ಆನ್ ಆದ ಕೂಡಲೇ ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಎಎಂಐ ಕಂಪನಿಯದಾದರೆ 3 ಬೀಪ್ ಮೆಮೊರಿಯದು, 6 ಬೀಪ್ ಕೀಬೋರ್ಡ್ ಕಂಟ್ರೋಲರ್‌ನದು (ಬ್ಯಾಟರಿ ಸೋರಿದಾಗ ಇದು ಸಾಮಾನ್ಯ, ಅದೂ ಅಲ್ಲೇ ಹತ್ತಿರ ಇರುತ್ತದೆ), 8 ಬೀಪ್ ಡಿಸ್ಪ್ಲೇಯದು. ಕಾರ್ಡ್ ತೆಗೆದಿರುವಾಗ 8 ಕೇಳಿದರೆ ಖುಷಿಪಡಿ, ಬೋರ್ಡ್ ಬದುಕಿದೆ.

ಯಂತ್ರದ ಸೆಟಪ್ ಅಂಕಿಗಳನ್ನು ನೆನಪಿಡುವುದು ಆ ಬ್ಯಾಟರಿಯೇ, ಅದನ್ನು ತೆಗೆದ ಮೇಲೆ ಯಂತ್ರಕ್ಕೆ ತನ್ನ ಡಿಸ್ಕ್ ಯಾವುದು ಅನ್ನೋದೇ ಮರೆತಿರುತ್ತದೆ. ಡಿಸ್ಕ್ ಮೇಲಿನ ಚೀಟಿಯಲ್ಲಿ ಸಿಲಿಂಡರ್, ಹೆಡ್, ಸೆಕ್ಟರ್ ಅಂಕಿ ಇರುತ್ತವೆ, ಉದಾಹರಣೆಗೆ 980, 5, 17 ಅಂದರೆ ಸುಮಾರು 40 ಎಂಬಿ. ಬಯೋಸ್ ಸೆಟಪ್‌ನಲ್ಲಿ ಟೈಪ್ 47 (ಅಂಕಿಗಳನ್ನು ನಾವೇ ತುಂಬುವ ಆಯ್ಕೆ) ಆರಿಸಿ ಅದನ್ನೇ ತುಂಬಿ. ಹೊಸ ಬ್ಯಾಟರಿ ಅಂತ ನಾಣ್ಯದ ಸೆಲ್ಲನ್ನು ಹಳೇ ಜಾಗಕ್ಕೆ ನೇರವಾಗಿ ಬೆಸೆಯಬೇಡಿ. ಬೋರ್ಡ್ ಅದಕ್ಕೆ ಚಾರ್ಜ್ ಕೊಡುತ್ತದೆ, ಸೆಲ್ ಸಿಡಿಯಬಹುದು. ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಲೇಬೇಕು.

ಬೋರ್ಡ್ ಕೊನೆಗೂ ಏಳದಿದ್ದರೆ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್‌ಗೆ ಸಿಕ್ಕಿಸಿ ನಿರಾಶರಾಗಬೇಡಿ. ಇಷ್ಟು ಹಳೇ ಡಿಸ್ಕನ್ನು ಅಂಥ ಅಡಾಪ್ಟರ್‌ಗಳು ಹೆಚ್ಚಾಗಿ ಗುರುತಿಸುವುದಿಲ್ಲ. ಐಡಿಇ ಕೇಬಲ್ (ಹಳೇ ಡಿಸ್ಕ್ ಜೋಡಿಸುವ ಚಪ್ಪಟೆ ಕೇಬಲ್) ಇರುವ ಪೆಂಟಿಯಂ ಕಾಲದ ಯಂತ್ರ ಹುಡುಕಿ, ಸೆಟಪ್‌ನಲ್ಲಿ ಅದೇ ಅಂಕಿಗಳನ್ನು ಕೊಟ್ಟು ಮೊದಲು ಡಿಸ್ಕಿನ ಪೂರ್ತಿ ನಕಲು ತೆಗೆಯಿರಿ.

ಫೈಲ್ ತೆರೆದಾಗ ಚಿತ್ರವಿಚಿತ್ರ ಅಕ್ಷರ ಕಂಡರೆ ಹಾಳಾಗಿದೆ ಅಂದುಕೊಳ್ಳಬೇಡಿ. ಜಿಸ್ಟ್ ಕನ್ನಡವನ್ನು ಇಸ್ಕಿ ಎಂಬ ಭಾರತೀಯ ಲಿಪಿಗಳ ಹಳೇ ಸಂಕೇತದಲ್ಲಿ ಉಳಿಸುತ್ತಿತ್ತು, ಅದನ್ನು ಇವತ್ತಿನ ಕಂಪ್ಯೂಟರ್‌ಗಳು ಬಳಸುವ ಯೂನಿಕೋಡ್‌ಗೆ ಬದಲಾಯಿಸಬಹುದು. ಆ ಕಾರ್ಡನ್ನೂ ಬಟ್ಟೆಯಲ್ಲಿ ಸುತ್ತದೆ ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿಡಿ. 386 ಎದ್ದರೆ ನಿಮ್ಮ ತಂದೆ ನೋಡಿದ ಹಾಗೇ ಆ ಪುಟಗಳನ್ನು ತೋರಿಸುವುದು ಅದೇ ಕಾರ್ಡ್.